ಮಲಗಿದ ಮಗುವಿನ ಎಚ್ಚೆತ್ತ ಮಿದುಳು

ಎಳೆಗೂಸು ನಿದ್ರೆಯಲ್ಲಿ ನಗುತ್ತದೆ. ಮರುಕ್ಷಣವೇ ತುಟಿ ಮುದುಡಿ ಅಳುಮುಖ ಮಾಡುತ್ತದೆ. ಮುಚ್ಚಿದ ರೆಪ್ಪೆಗಳ ಅಡಿಯಲ್ಲಿ ಕಣ್ಣಾಲಿಗಳು ಅತ್ತಿತ್ತ ಹೊರಳುತ್ತವೆ; ಬೆರಳು ಮಿಡಿಯುತ್ತದೆ, ಕಾಲು ಝಾಡಿಸುತ್ತದೆ, ಉಸಿರು ಒಮ್ಮೆ ಅವಸರವಾಗಿ, ಒಮ್ಮೆ ನಿಧಾನವಾಗಿ ಸಾಗುತ್ತದೆ. ದೇವರು ಮಗುವನ್ನು ಆಡಿಸುತ್ತಿದ್ದಾನೆ ಎಂದು ಮನೆಯ ಹಿರಿಯರು ನುಡಿದು ಸುಮ್ಮನಾಗುತ್ತಾರೆ. ಚೊಚ್ಚಲ ಬಾಣಂತಿಗೆ ಮಾತ್ರ ಸಮಾಧಾನವಾಗದು. ಹೊಟ್ಟೆನೋವೋ, ದೃಷ್ಟಿಯೋ, ಫಿಟ್ಸೋ ಎಂದು ಕಳವಳಗೊಂಡು ಮಗುವನ್ನೆತ್ತಿಕೊಂಡು ವೈದ್ಯರ ಬಳಿಗೆ ಬರುತ್ತಾಳೆ. ನಾಲ್ಕು ದಶಕಗಳನ್ನು ಸಮೀಪಿಸುತ್ತಿರುವ ನಮ್ಮ ವೃತ್ತಿಜೀವನದಲ್ಲಿ ಈ ಪ್ರಶ್ನೆ ಎದುರಾಗದ ತಿಂಗಳೇ ಇಲ್ಲವೆನ್ನಬಹುದು. ಇದು ಬಹುಮಟ್ಟಿಗೆ ರೋಗವಲ್ಲ. ಆ ಹೊತ್ತಿನಲ್ಲಿ ಮಗುವಿನ ಮಿದುಳು ತನ್ನನ್ನು ತಾನೇ ಕಟ್ಟಿಕೊಳ್ಳುತ್ತಿರುತ್ತದೆ. ಅದು ಹೇಗೆಂಬುದನ್ನೂ, ಆ ಕಾರ್ಯಕ್ಕೆ ನಾವು ದೊಡ್ಡವರು ಎಲ್ಲೆಲ್ಲಿ ಅಡ್ಡಿಯಾಗುತ್ತಿದ್ದೇವೆ ಎಂಬುದನ್ನೂ ಈ ಸಂಚಿಕೆಯಲ್ಲಿ ಸದ್ಭಕ್ತರ ಗಮನಕ್ಕೆ ತರಬಯಸುತ್ತೇವೆ.

ನಿದ್ರೆಯೆಂದರೆ ಮಿದುಳು ದೀಪವಾರಿಸಿಕೊಂಡು ವಿಶ್ರಮಿಸುವ ಸ್ಥಿತಿ ಎಂದೇ ವಿಜ್ಞಾನವೂ ಬಹುಕಾಲ ಭಾವಿಸಿತ್ತು. ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬೆರ್ಗರ್ ಅವರು ೧೯೨೪ರಲ್ಲಿ ಮನುಷ್ಯನ ಮಿದುಳಿನಿಂದ ಹೊಮ್ಮುವ ಅತಿ ಸೂಕ್ಷ್ಮವಾದ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿ, ಐದು ವರ್ಷ ತಡೆದು ೧೯೨೯ರಲ್ಲಿ ಪ್ರಕಟಪಡಿಸಿದರು. ಇಂದು ಇ.ಇ.ಜಿ. ಎಂದು ಕರೆಯಲಾಗುವ ಪರೀಕ್ಷೆಯ ಮೂಲ ಅದೇ. ಆದರೆ ನಿದ್ರಿಸುವವನ ಮಿದುಳನ್ನು ರಾತ್ರಿಯಿಡೀ ಗಮನಿಸಿ ನೋಡಬೇಕೆಂಬ ಕುತೂಹಲ ಯಾರಿಗೂ ಅಷ್ಟಾಗಿ ಹುಟ್ಟಿರಲಿಲ್ಲ. ೧೯೫೦ರ ದಶಕದ ಆರಂಭದಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ನಥಾನಿಯಲ್ ಕ್ಲೈಟ್‌ಮನ್ ಅವರ ಕೈಕೆಳಗೆ ಸಂಶೋಧನೆ ನಡೆಸುತ್ತಿದ್ದ ಯೂಜೀನ್ ಅಸೆರಿನ್ಸ್ಕಿ ಎಂಬ ಬಡ ವಿದ್ಯಾರ್ಥಿ, ಮೂಲೆಗೆ ಬಿದ್ದಿದ್ದ ಹಳೆಯ ಯಂತ್ರವೊಂದನ್ನು ಹೊರತೆಗೆದು, ಎಂಟು ವರ್ಷದ ತನ್ನ ಮಗನನ್ನೇ ಪ್ರಯೋಗಶಾಲೆಯಲ್ಲಿ ಮಲಗಿಸಿ, ಅವನ ತಲೆಗೂ ಕಣ್ಣುಗಳ ಬದಿಗೂ ತಂತಿಗಳನ್ನು ಅಂಟಿಸಿದನು. ಹುಡುಗ ಗಾಢವಾಗಿ ಮಲಗಿದ್ದ ಹೊತ್ತಿನಲ್ಲಿ ಯಂತ್ರದ ಲೇಖನಿಗಳು ಇದ್ದಕ್ಕಿದ್ದಂತೆ ಎಚ್ಚರವಿರುವವನ ಗುರುತುಗಳನ್ನು ಗೀಚತೊಡಗಿದವು. ಮೊದಲಿಗೆ ಯಂತ್ರ ಕೆಟ್ಟಿದೆಯೆಂದೇ ಅವನಿಗೆ ಅನುಮಾನವಾಯಿತು. ಒಳಹೋಗಿ ನೋಡಿದರೆ ಹುಡುಗ ನಿದ್ರೆಯಲ್ಲಿಯೇ ಇದ್ದಾನೆ. ಕಣ್ಣಾಲಿಗಳು ಮಾತ್ರ ಓಡಾಡುತ್ತಿವೆ. ೧೯೫೩ರಲ್ಲಿ ಗುರುಶಿಷ್ಯರಿಬ್ಬರೂ ಈ ಸ್ಥಿತಿಯನ್ನು ಲೋಕಕ್ಕೆ ತಿಳಿಸಿದರು. ಇದನ್ನೇ ಆಂಗ್ಲ ಹೆಸರಿನ ಮೊದಲಕ್ಷರಗಳಿಂದ ರೆಮ್ ನಿದ್ರೆ ಎನ್ನುತ್ತಾರೆ. ಹೆಚ್ಚಿನ ಕನಸುಗಳು ಬೀಳುವುದು ಈ ಹೊತ್ತಿನಲ್ಲಾದುದರಿಂದ ನಾವು ಇಲ್ಲಿ ಕನಸಿನ ನಿದ್ರೆ ಎಂದು ಕರೆಯೋಣ. ಉಳಿದುದು ಶಾಂತ ನಿದ್ರೆ. ಅದರ ಆಳದ ಭಾಗ ಗಾಢನಿದ್ರೆ. ರಾತ್ರಿಯಿಡೀ ಇವು ಒಂದರ ಬೆನ್ನಿಗೊಂದು ಸರದಿಯಂತೆ ಬರುತ್ತಿರುತ್ತವೆ. ದೊಡ್ಡವರಲ್ಲಿ ಒಂದು ಸುತ್ತಿಗೆ ಸುಮಾರು ೯೦ ನಿಮಿಷ. ನವಜಾತ ಶಿಶುವಿನಲ್ಲಿ ೫೦ರಿಂದ ೬೦ ನಿಮಿಷ. ಮಗು ಗಂಟೆಗೊಮ್ಮೆ ಮಿಸುಕಾಡುವುದು ಈ ಕಾರಣದಿಂದಲೇ. ಮಿಸುಕಾಡಿದೊಡನೆ ಎತ್ತಿಕೊಳ್ಳದೆ ಒಂದೆರಡು ನಿಮಿಷ ಕಾದು ನೋಡಿದರೆ, ಎಷ್ಟೋ ಸಲ ಅದು ತಾನಾಗಿಯೇ ಮುಂದಿನ ಸುತ್ತಿಗೆ ಜಾರುತ್ತದೆ.

ಹುಟ್ಟಿದ ಮಗು ದಿನಕ್ಕೆ ೧೬–೧೭ ಗಂಟೆ ಮಲಗುತ್ತದೆ. ಅದರಲ್ಲಿ ಅರ್ಧದಷ್ಟು ಕನಸಿನ ನಿದ್ರೆಯೇ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಿ ಈ ಪಾಲು ಇನ್ನೂ ಹೆಚ್ಚು. ದೊಡ್ಡವರಲ್ಲಿ ಅದು ಕಾಲು ಭಾಗಕ್ಕೂ ಮೀರುವುದಿಲ್ಲ. ಇನ್ನೂ ಲೋಕವನ್ನೇ ಕಾಣದ ಕೂಸಿಗೆ ಇಷ್ಟೊಂದು ಕನಸಿನ ನಿದ್ರೆ ಏತಕ್ಕೆ? ಹೊವಾರ್ಡ್ ರೋಫ್‌ವಾರ್ಗ್ ಮತ್ತು ಅವರ ಸಂಗಡಿಗರು ೧೯೬೬ರಲ್ಲಿ ಇದಕ್ಕೊಂದು ಉತ್ತರ ಸೂಚಿಸಿದರು. ಮಿದುಳು ಬೆಳೆಯಬೇಕಾದರೆ ಅದಕ್ಕೆ ಪ್ರಚೋದನೆ ಬೇಕು. ಗರ್ಭದ ಕತ್ತಲಲ್ಲಿಯೂ ತೊಟ್ಟಿಲ ಮರೆಯಲ್ಲಿಯೂ ಹೊರಗಿನಿಂದ ಬರುವ ಪ್ರಚೋದನೆ ಅತ್ಯಲ್ಪ. ಆದಕಾರಣ ಮಿದುಳು ನಿದ್ರೆಯಲ್ಲಿ ಒಳಗಿನಿಂದಲೇ ತನಗೆ ಬೇಕಾದ ಪ್ರಚೋದನೆಯನ್ನು ಒದಗಿಸಿಕೊಳ್ಳುತ್ತದೆ ಎಂಬುದು ಅವರ ವಾದ. ಬೆರಳು ಮಿಡಿಯುವ, ಕಾಲು ಝಾಡಿಸುವ ವಿಷಯಕ್ಕೆ ಬಂದರೆ, ಅಯೋವ ವಿಶ್ವವಿದ್ಯಾಲಯದ ಮಾರ್ಕ್ ಬ್ಲಂಬರ್ಗ್ ಅವರು ಇಲಿಮರಿಗಳಲ್ಲಿ ನಡೆಸಿದ ಅಧ್ಯಯನ ಬಹು ಸ್ವಾರಸ್ಯಕರವಾದುದು. ನಿದ್ರೆಯಲ್ಲಿ ಒಂದು ಕಾಲು ಮಿಡಿದೊಡನೆ ಆ ಕಾಲಿನಿಂದ ಮಿದುಳಿಗೆ ಸುದ್ದಿ ಹೋಗುತ್ತದೆ. ಮಿದುಳು ಆ ಸುದ್ದಿಯಿಂದ ಕಾಲಿನ ಸ್ಥಾನವನ್ನು, ಸ್ನಾಯುವಿನ ಅಳತೆಯನ್ನು ಕಲಿಯುತ್ತದೆ. ಹೊಸ ಮನೆಗೆ ವಿದ್ಯುತ್ ತಂತಿ ಎಳೆದವನು ಒಂದೊಂದು ಸ್ವಿಚ್ಚನ್ನೇ ಒತ್ತಿ ಯಾವ ದೀಪ ಹೊತ್ತಿತೆಂದು ನೋಡುವ ಹಾಗೆ. ಈಗ ಹೇಳಿ, ನಿದ್ರೆಯಲ್ಲಿ ಕೈಕಾಲು ಆಡಿಸುವ ಮಗುವಿಗೆ ಔಷಧಿ ಯಾಕೆ ಬೇಕು?

ಎರಡು ಮೂರು ತಿಂಗಳಾಗುವಷ್ಟರಲ್ಲಿ ಇ.ಇ.ಜಿ. ಕಾಗದದ ಮೇಲೆ ಹೊಸ ಗುರುತೊಂದು ಕಾಣಬರುತ್ತದೆ. ಸಣ್ಣಗೆ ಆರಂಭವಾಗಿ, ನಡುವೆ ಉಬ್ಬಿ, ಮತ್ತೆ ಸಣ್ಣಗಾಗುವ ಅಲೆಗಳ ಗೊಂಚಲು. ನೂಲು ಸುತ್ತಿದ ಕದಿರಿನ ಆಕಾರದಲ್ಲಿರುವುದರಿಂದ ಅದಕ್ಕೆ ಸ್ಪಿಂಡಲ್ ಎಂದೇ ಹೆಸರಾಗಿದೆ. ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳುವುದಕ್ಕೂ ಈ ಕದಿರುಗಳಿಗೂ ಸಂಬಂಧವಿರುವುದನ್ನು ಅನೇಕ ಅಧ್ಯಯನಗಳು ತೋರಿಸಿವೆ. ಕದಿರು ಕಾಣಬರುವ ವೇಳೆಗೆ ಮಗುವಿನ ಹಗಲು ರಾತ್ರಿಗಳೂ ಒಂದು ಕ್ರಮಕ್ಕೆ ಬರತೊಡಗುತ್ತವೆ. ಕನಸಿನ ನಿದ್ರೆ ಕ್ರಮೇಣ ತಗ್ಗಿ, ದೊಡ್ಡ ದೊಡ್ಡ ನಿಧಾನದ ಅಲೆಗಳ ಗಾಢನಿದ್ರೆ ಬೆಳೆಯುತ್ತ ಹೋಗುತ್ತದೆ. ಅರವತ್ತಕ್ಕೂ ಹೆಚ್ಚು ನಿದ್ರಾ ಅಧ್ಯಯನಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ ೨೦೨೦ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯು, ಸುಮಾರು ಎರಡೂವರೆ ವರ್ಷಕ್ಕೆ ಸ್ವಲ್ಪ ಮುನ್ನ ನಿದ್ರೆಯ ಮುಖ್ಯ ಕೆಲಸವೇ ಬದಲಾಗುವುದೆಂದು ಹೇಳಿತು. ಅಲ್ಲಿಯವರೆಗೆ ನಿದ್ರೆ ಮಿದುಳಿನ ತಂತುಗಳನ್ನು ಹೆಣೆಯುವ ಕಾಲ. ಅಲ್ಲಿಂದ ಮುಂದೆ ಬಹುಪಾಲು ದುರಸ್ತಿಯ ಕಾಲ.

ಹೆಣಿಗೆಯ ಮಾತು ಬಂದುದರಿಂದ ಇನ್ನೊಂದು ವಿಷಯವನ್ನು ಬಿಡಿಸಿ ಹೇಳಬೇಕಾಗಿದೆ. ಮಿದುಳಿನ ನರಕೋಶಗಳು ಒಂದರೊಡನೊಂದು ಸಂಧಿಸುವ ಜಾಗಗಳು ಬುದ್ಧಿಗೂ ನೆನಪಿಗೂ ಆಧಾರ. ಪೀಟರ್ ಹುಟನ್‌ಲಾಕರ್ ಎಂಬ ಮಕ್ಕಳ ನರರೋಗತಜ್ಞರು ೧೯೭೯ರಲ್ಲಿ ಈ ಸಂಧಿಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಎಣಿಸಿದ ಅಧ್ಯಯನವನ್ನು ಪ್ರಕಟಿಸಿದರು. ಮಿದುಳಿನ ಮುಂಭಾಗದಲ್ಲಿ ಒಂದೆರಡು ವರ್ಷದ ಮಗುವಿಗೆ ದೊಡ್ಡವರಿಗಿಂತ ಸುಮಾರು ಅರ್ಧದಷ್ಟು ಹೆಚ್ಚು ಸಂಧಿಗಳಿದ್ದವು! ಬೆಳೆಯುತ್ತ ಬೆಳೆಯುತ್ತ ಹೆಚ್ಚಿನವು ಕಳಚಿಹೋಗುತ್ತವೆ. ಇದು ನಷ್ಟವಲ್ಲ. ಒತ್ತಾಗಿ ಹುಟ್ಟಿದ ಪೈರಿನಲ್ಲಿ ಕೆಲವನ್ನು ಕಿತ್ತು ಉಳಿದವಕ್ಕೆ ನೀರು ಗೊಬ್ಬರ ದಕ್ಕುವಂತೆ ಮಾಡುವುದು ರೈತನಿಗೆ ಗೊತ್ತಿರುವ ಕೆಲಸವೇ. ಬಳಕೆಯಾಗುವ ಸಂಧಿ ಬಲಿಯುತ್ತದೆ, ಬಳಕೆಯಾಗದ್ದು ಬಿದ್ದುಹೋಗುತ್ತದೆ. ಗಾಢನಿದ್ರೆಯ ಅಲೆಗಳು ಚಿಕ್ಕಂದಿನಲ್ಲಿ ಬಹು ಎತ್ತರವಾಗಿದ್ದು ಹರೆಯದಲ್ಲಿ ತಗ್ಗುವುದನ್ನು ಗಮನಿಸಿದ ಇರ್ವಿನ್ ಫೈನ್‌ಬರ್ಗ್ ಅವರು ೧೯೮೨ರಲ್ಲಿಯೇ, ಈ ಇಳಿತಕ್ಕೂ ಸಂಧಿಗಳ ಕಳೆ ತೆಗೆಯುವಿಕೆಗೂ ನಂಟಿರಬೇಕೆಂದು ತರ್ಕಿಸಿದ್ದರು. ಸ್ವಿಟ್ಜರ್‌ಲೆಂಡಿನ ಜೂರಿಕ್‌ನಲ್ಲಿ ಸಲೋಮೆ ಕುರ್ತ್, ರೆಟೊ ಹೂಬರ್ ಮತ್ತಿತರರು ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಇನ್ನೊಂದು ಎಳೆಯನ್ನು ಸೇರಿಸಿತು. ಎರಡು ವರ್ಷದಿಂದ ಹತ್ತೊಂಬತ್ತರವರೆಗಿನವರ ತಲೆಗೆ ತಂತಿಗಳ ಜಾಲವನ್ನೇ ತೊಡಿಸಿ ಮಲಗಿಸಿದಾಗ, ಚಿಕ್ಕ ಮಕ್ಕಳಲ್ಲಿ ಗಾಢನಿದ್ರೆಯ ಅಲೆಗಳು ತಲೆಯ ಹಿಂಭಾಗದಲ್ಲಿ ಪ್ರಬಲವಾಗಿದ್ದವು. ವಯಸ್ಸೇರಿದಂತೆ ಆ ಪ್ರಾಬಲ್ಯ ಮುಂದುಮುಂದಕ್ಕೆ ಸರಿದು ಹರೆಯದವರಲ್ಲಿ ಹಣೆಯ ಭಾಗಕ್ಕೆ ಬಂದಿತ್ತು. ಮಿದುಳು ಪಕ್ವವಾಗುವ ದಾರಿಯೂ ಅದೇ: ನೋಟಕ್ಕೆ ಸಂಬಂಧಿಸಿದ ಹಿಂಭಾಗ ಮೊದಲು; ವಿವೇಚನೆ, ಸಂಯಮ, ಮುಂದಾಲೋಚನೆಗಳಿಗೆ ಆಶ್ರಯವಾದ ಮುಂಭಾಗ ಕಡೆಗೆ. ಹದಿನಾರರ ಹುಡುಗನಿಗೆ ಸಂಯಮವಿಲ್ಲವೆಂದು ಬೈಯುವ ತಂದೆಯಂದಿರು ಇದನ್ನು ತುಸು ನೆನೆಯುವುದೊಳಿತು. ಆ ಭಾಗದ ಕೆಲಸ ಇನ್ನೂ ನಡೆಯುತ್ತಲೇ ಇದೆ.

ದೇಹದ ಬೆಳವಣಿಗೆಗೂ ಗಾಢನಿದ್ರೆಗೂ ಇರುವ ಸಂಬಂಧ ೧೯೬೮ರಿಂದಲೇ ತಿಳಿದುಬಂದಿದೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಒಸರುವುದು ರಾತ್ರಿಯ ಮೊದಲ ಗಾಢನಿದ್ರೆಯಲ್ಲಿ.

ಶಾಸ್ತ್ರದ ಮಾತು

ಆಯುರ್ವೇದವು ದೇಹವನ್ನು ಎತ್ತಿ ಹಿಡಿಯುವ ಮೂರು ಉಪಸ್ತಂಭಗಳಲ್ಲಿ ಆಹಾರದ ಅನಂತರ ನಿದ್ರೆಯನ್ನೇ ಹೇಳಿದೆ. ಸುಖ ದುಃಖ, ಪುಷ್ಟಿ ಕಾರ್ಶ್ಯ, ಬಲ ದೌರ್ಬಲ್ಯಗಳಷ್ಟೇ ಅಲ್ಲದೆ ಜ್ಞಾನ ಅಜ್ಞಾನಗಳೂ ನಿದ್ರೆಯನ್ನು ಅವಲಂಬಿಸಿವೆ ಎಂಬುದು ಚರಕಾಚಾರ್ಯರ ಅಭಿಪ್ರಾಯ. ಜ್ಞಾನವನ್ನು ಆ ಪಟ್ಟಿಯಲ್ಲಿ ಸೇರಿಸಿದುದನ್ನು ಓದುಗರು ಗಮನಿಸಬೇಕು. ಹಾಗೆಂದು ನಮ್ಮ ಆಚಾರ್ಯರಿಗೆ ಇ.ಇ.ಜಿ. ಅಲೆಗಳು ಮೊದಲೇ ತಿಳಿದಿದ್ದವೆಂದು ಸಾರುವ ಹುರುಪು ನಮಗಿಲ್ಲ. ಅಂಥ ಮಾತಿನಿಂದ ಶಾಸ್ತ್ರದ ಘನತೆ ಹೆಚ್ಚುವುದೂ ಇಲ್ಲ. ಅವರು ಯಂತ್ರವಿಲ್ಲದೆ, ಕಣ್ಣಿಟ್ಟು ನೋಡಿ ಕಂಡುಕೊಂಡುದನ್ನು ಬರೆದಿಟ್ಟರು. ಅದರಲ್ಲಿ ಎರಡು ಸಂಗತಿಗಳು ಇಂದಿಗೂ ಒಪ್ಪುವಂತಿವೆ.

ಒಂದು, ಹಗಲು ನಿದ್ರೆ. ಬೇಸಿಗೆಯ ಹೊರತು ಹಗಲು ಮಲಗುವುದನ್ನು ಚರಕಸಂಹಿತೆ ಸಾಮಾನ್ಯವಾಗಿ ನಿಷೇಧಿಸುತ್ತದೆ. ಆದರೆ ಎಲ್ಲ ಋತುಗಳಲ್ಲಿಯೂ ಹಗಲು ನಿದ್ರಿಸಬಹುದಾದವರ ಸಾಲಿನಲ್ಲಿ ವೃದ್ಧರು, ದುರ್ಬಲರೊಂದಿಗೆ ಬಾಲಕರನ್ನೂ ಹೆಸರಿಸುತ್ತದೆ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ರೆಬೆಕಾ ಸ್ಪೆನ್ಸರ್ ಮತ್ತವರ ಸಂಗಡಿಗರು ೨೦೧೩ರಲ್ಲಿ ಶಾಲಾಪೂರ್ವ ವಯಸ್ಸಿನ ಮಕ್ಕಳಿಗೆ ಬೆಳಿಗ್ಗೆ ಚಿತ್ರಗಳ ಸ್ಥಾನವನ್ನು ನೆನಪಿಟ್ಟುಕೊಳ್ಳುವ ಆಟವೊಂದನ್ನು ಕಲಿಸಿದರು. ಮಧ್ಯಾಹ್ನ ಮಲಗಿ ಎದ್ದ ದಿನ ಮಕ್ಕಳು ಆಟವನ್ನು ಚೆನ್ನಾಗಿ ನೆನಪಿಟ್ಟಿದ್ದರು. ಮಲಗದೆ ಕಳೆದ ದಿನ ಅವೇ ಮಕ್ಕಳು ಮರೆತಿದ್ದರು. ಮಾರನೆಯ ದಿನಕ್ಕೂ ಆ ವ್ಯತ್ಯಾಸ ಉಳಿದಿತ್ತು, ಅಂದರೆ ರಾತ್ರಿಯ ನಿದ್ರೆ ಆ ನಷ್ಟವನ್ನು ತುಂಬಿಕೊಡಲಿಲ್ಲ. ಮೇಲೆ ಹೇಳಿದ ಕದಿರುಗಳು ಹೆಚ್ಚಿದ್ದಷ್ಟೂ ನೆನಪು ಉತ್ತಮವಾಗಿತ್ತು. ಅಂಗನವಾಡಿಯಲ್ಲಿ ಊಟದ ಬಳಿಕ ಚಾಪೆ ಹಾಸಿ ಮಕ್ಕಳನ್ನು ಮಲಗಿಸುವ ಕಾರ್ಯಕರ್ತೆಯನ್ನು ನೋಡಿ, ಇವರು ಪಾಠ ಹೇಳದೆ ಮಲಗಿಸುತ್ತಾರೆ ಎಂದು ದೂರುವವರುಂಟು. ಆ ತಾಯಿ ಮಾಡುತ್ತಿರುವುದು ಪಾಠದ ಉತ್ತರಾರ್ಧ. ನಾಲ್ಕು ವರ್ಷದ ಮಗುವನ್ನು ಮಧ್ಯಾಹ್ನ ಎರಡು ಗಂಟೆಗೆ ಟ್ಯೂಷನ್ನಿಗೆ ಕಳಿಸುವುದನ್ನು ಕಂಡಾಗ ನಮಗೆ ನಿಜಕ್ಕೂ ಮರುಕವಾಗುತ್ತದೆ.

ಎರಡನೆಯದು, ಮಲಗಿದ ಮಗುವನ್ನು ಹಠಾತ್ತನೆ ಎಬ್ಬಿಸಬಾರದು, ಅದರಿಂದ ಮಗು ಬೆದರುತ್ತದೆ ಎಂಬ ಸುಶ್ರುತರ ಎಚ್ಚರಿಕೆ. ಗಾಢನಿದ್ರೆಯಿಂದ ಕಿತ್ತೆಬ್ಬಿಸಿದ ಮಗು ಕೆಲವು ನಿಮಿಷಗಳವರೆಗೆ ದಿಕ್ಕುಗಾಣದಂತೆ ವರ್ತಿಸುವುದನ್ನು ಎಲ್ಲ ತಾಯಂದಿರೂ ಬಲ್ಲರು.

ಬ್ರಾಹ್ಮೀ ಮುಹೂರ್ತದ ಪ್ರಶ್ನೆ

ಇನ್ನು ಕೆಲವರಿಗೆ ಅಪ್ರಿಯವಾಗಬಹುದಾದ ಮಾತು. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂಬ ವಿಧಿಯನ್ನು ಮುಂದಿಟ್ಟುಕೊಂಡು ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಮಕ್ಕಳನ್ನು ನಾಲ್ಕು ಗಂಟೆಗೆ ಎಬ್ಬಿಸಿ ಓದಲು ಕೂರಿಸುವ ಪದ್ಧತಿ ನಮ್ಮ ಮನೆಗಳಲ್ಲಿಯೂ ಅನೇಕ ವಿದ್ಯಾರ್ಥಿನಿಲಯಗಳಲ್ಲಿಯೂ ಇದೆ. ವಿಧಿ ಸತ್ಯವೇ. ಆದರೆ ವಾಗ್ಭಟಾಚಾರ್ಯರು ಅದನ್ನು ಹೇಳಿದುದು ಸ್ವಸ್ಥನಾದವನಿಗೆ. ಅದೂ ಕತ್ತಲಾದೊಡನೆ ಉಂಡು ಮಲಗುತ್ತಿದ್ದ ಕಾಲದಲ್ಲಿ. ರಾತ್ರಿ ಎಂಟೂವರೆಗೆ ಮಲಗಿದ ಬಾಲಕ ನಾಲ್ಕೂವರೆಗೆ ಎದ್ದರೆ ಎಂಟು ಗಂಟೆಯ ನಿದ್ರೆಯಾಯಿತು. ಹನ್ನೊಂದಕ್ಕೆ ಮಲಗಿದವನು ಅದೇ ಹೊತ್ತಿಗೆ ಎದ್ದರೆ ಐದೂವರೆ ಗಂಟೆ ಮಾತ್ರ. ಕಳೆದುಹೋದ ಆ ಎರಡೂವರೆ ಗಂಟೆಯಲ್ಲಿ ಏನಿತ್ತು ಎಂಬುದೇ ಮುಖ್ಯ ಪ್ರಶ್ನೆ. ಗಾಢನಿದ್ರೆ ರಾತ್ರಿಯ ಮೊದಲ ಭಾಗದಲ್ಲಿ ದಟ್ಟವಾಗಿರುತ್ತದೆ. ಕನಸಿನ ನಿದ್ರೆ ಬೆಳಗಿನ ಜಾವದತ್ತ ಹೆಚ್ಚುತ್ತ ಹೋಗುತ್ತದೆ. ಹೀಗಾಗಿ ತಡವಾಗಿ ಮಲಗಿ ಬೇಗ ಎಬ್ಬಿಸಲ್ಪಟ್ಟ ಹುಡುಗನಿಗೆ ಎಲ್ಲ ಬಗೆಯ ನಿದ್ರೆಯೂ ಸಮನಾಗಿ ಕಡಿಮೆಯಾಗುವುದಿಲ್ಲ. ಕನಸಿನ ನಿದ್ರೆಯ ದೊಡ್ಡ ಪಾಲೇ ಕತ್ತರಿಸಿಹೋಗುತ್ತದೆ. ಹಗಲು ಓದಿದುದು ಚಿತ್ತದಲ್ಲಿ ನಿಲ್ಲಲು ಬೇಕಾದ ನಿದ್ರೆಯನ್ನು ಕಸಿದು, ಇನ್ನಷ್ಟು ಓದು ಎನ್ನುವುದು ಒಡೆದ ಕೊಡಕ್ಕೆ ನೀರು ಹೊಯ್ದಂತೆ.

ಹರೆಯದವರ ವಿಷಯದಲ್ಲಿ ಇನ್ನೊಂದು ತೊಡಕುಂಟು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್ಕಡನ್ ಅವರು ೧೯೯೦ರ ದಶಕದಿಂದ ನಡೆಸಿದ ಅಧ್ಯಯನಗಳು, ಪ್ರಾಯಕ್ಕೆ ಬರುವ ಮಕ್ಕಳ ದೇಹದೊಳಗಿನ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆಂದು ತೋರಿಸಿವೆ. ನಿದ್ರೆಯನ್ನು ಕರೆತರುವ ಮೆಲಟೋನಿನ್ ಎಂಬ ಹಾರ್ಮೋನು ಅವರಲ್ಲಿ ಚಿಕ್ಕ ಮಕ್ಕಳಿಗಿಂತ ತಡವಾಗಿ ಒಸರುತ್ತದೆ. ಹತ್ತು ಗಂಟೆಗೂ ನಿದ್ರೆ ಬಾರದೆಂದು ಹೊರಳಾಡುವ ಹುಡುಗಿ ಸೋಮಾರಿಯೂ ಅಲ್ಲ, ಹಟಮಾರಿಯೂ ಅಲ್ಲ. ಇದನ್ನು ಮನಗಂಡೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ೨೦೧೪ರಲ್ಲಿ, ದೊಡ್ಡ ಮಕ್ಕಳ ಶಾಲೆಗಳು ಬೆಳಿಗ್ಗೆ ಎಂಟೂವರೆಗೆ ಮುನ್ನ ಆರಂಭವಾಗದಿರಲಿ ಎಂದು ಸಲಹೆ ನೀಡಿತು. ನಮ್ಮಲ್ಲಿ ಏಳಕ್ಕೇ ಶಾಲೆಯ ಬಸ್ಸು ಬಂದು ನಿಲ್ಲುತ್ತದೆ.

ವಿದ್ಯಾರ್ಥಿನಿಲಯಗಳನ್ನು ನಡೆಸುವವರಲ್ಲಿ ನಮ್ಮದೊಂದು ವಿನಂತಿ: ಮುಂಜಾನೆ ಏಳುವ ಹೊತ್ತನ್ನು ನಿಗದಿಪಡಿಸುವಷ್ಟೇ ಕಟ್ಟುನಿಟ್ಟಾಗಿ ದೀಪವಾರಿಸುವ ಹೊತ್ತನ್ನೂ ನಿಗದಿಪಡಿಸಬೇಕು. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ ೨೦೧೬ರಲ್ಲಿ ಹೇಳಿದ ಪ್ರಮಾಣ ಹೀಗಿದೆ: ನಾಲ್ಕರಿಂದ ಹನ್ನೆರಡು ತಿಂಗಳ ಶಿಶುವಿಗೆ ೧೨ರಿಂದ ೧೬ ಗಂಟೆ, ಒಂದೆರಡು ವರ್ಷದವರಿಗೆ ೧೧ರಿಂದ ೧೪, ಮೂರರಿಂದ ಐದು ವರ್ಷದವರಿಗೆ ೧೦ರಿಂದ ೧೩ (ಈ ಮೂರರಲ್ಲಿಯೂ ಹಗಲಿನ ನಿದ್ರೆ ಸೇರಿದೆ), ಆರರಿಂದ ಹನ್ನೆರಡರವರಿಗೆ ೯ರಿಂದ ೧೨, ಹದಿಮೂರರಿಂದ ಹದಿನೆಂಟರವರಿಗೆ ೮ರಿಂದ ೧೦ ಗಂಟೆ. ಎಂಟಕ್ಕೆ ಕಡಿಮೆಯಾಗದಂತೆ ಲೆಕ್ಕ ಹಾಕಿ, ಅನಂತರ ಬೇಕಾದರೆ ಐದಕ್ಕೇ ಗಂಟೆ ಬಾರಿಸಲಿ. ಜಾತ್ರೆ, ಭಜನೆ, ಮದುವೆಗಳಲ್ಲಿ ಎಂದೋ ಒಮ್ಮೆ ರಾತ್ರಿ ಜಾಗರಣೆಯಾದರೆ ಅದಕ್ಕೆ ವಾಗ್ಭಟರೇ ದಾರಿ ತೋರಿದ್ದಾರೆ: ಎಚ್ಚರವಿದ್ದ ಕಾಲದ ಅರ್ಧದಷ್ಟನ್ನು ಮರುದಿನ ಬೆಳಿಗ್ಗೆ ಉಣ್ಣುವ ಮೊದಲು ಮಲಗಿ ತೀರಿಸಿಕೊಳ್ಳಬಹುದು.

ಮೊಬೈಲಿನ ಬಗೆಗೆ ಎಲ್ಲರೂ ಬರೆದಿದ್ದಾರೆ. ನಾವು ಒಂದೇ ಸಂಗತಿ ಹೇಳುತ್ತೇವೆ. ಕೊಲರಾಡೋ ವಿಶ್ವವಿದ್ಯಾಲಯದವರು ೨೦೧೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರರಿಂದ ಐದು ವರ್ಷದ ಹತ್ತು ಮಕ್ಕಳನ್ನು ಮಲಗುವ ಮುನ್ನ ಒಂದು ಗಂಟೆ ಪ್ರಖರವಾದ ಬೆಳಕಿನ ಮೇಜಿನ ಮೇಲೆ ಆಡಲು ಬಿಟ್ಟಿದ್ದರು. ಅವರ ಮೆಲಟೋನಿನ್ ಶೇಕಡ ೮೮ರಷ್ಟು ಕುಗ್ಗಿತು. ದೀಪವಾರಿಸಿದ ಮೇಲೂ ಹೆಚ್ಚಿನವರಲ್ಲಿ ಅದು ಬೇಗನೆ ಚೇತರಿಸಲಿಲ್ಲ. ಮೊಬೈಲಿನ ಬೆಳಕು ಅಷ್ಟು ಪ್ರಖರವಲ್ಲ, ನಿಜ. ಆದರೆ ಎಳೆಯ ಕಣ್ಣು ಬೆಳಕಿಗೆ ಎಷ್ಟು ಸೂಕ್ಷ್ಮವಾದುದು ಎಂಬುದು ಇದರಿಂದ ವಿದಿತವಾಗುತ್ತದೆ.

ಗೊರಕೆ ಹೊಡೆಯುವ ಮಗು

ಮಗು ಗೊರಕೆ ಹೊಡೆದರೆ, ಪಾಪ, ಸುಖವಾಗಿ ನಿದ್ರಿಸುತ್ತಿದೆ ಎಂದು ತಿಳಿಯುವವರೇ ಹೆಚ್ಚು. ನೆಗಡಿಯಾದಾಗ ಒಂದೆರಡು ದಿನ ಗೊರಕೆ ಬಂದರೆ ಚಿಂತೆಯಿಲ್ಲ. ಆದರೆ ವಾರದ ಹೆಚ್ಚಿನ ರಾತ್ರಿ ಗೊರಕೆ, ಬಾಯಿ ತೆರೆದು ಉಸಿರಾಟ, ಕತ್ತನ್ನು ಹಿಂದಕ್ಕೆ ಚಾಚಿ ಮಲಗುವುದು, ಮೈ ಬೆವರುವುದು, ನಡುನಡುವೆ ಉಸಿರು ನಿಂತಂತಾಗಿ ಮತ್ತೆ ಗೊರ್ರೆಂದು ಎಳೆದುಕೊಳ್ಳುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು—ಇವು ಕಂಡರೆ ಗಂಟಲಿನ ಟಾನ್ಸಿಲ್, ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿಗಳು ಊದಿ ಉಸಿರಿನ ದಾರಿಯನ್ನು ಅಡ್ಡಗಟ್ಟಿವೆಯೇ ಎಂದು ಪರೀಕ್ಷಿಸಲೇಬೇಕು. ಉಸಿರು ಕಟ್ಟಿದಾಗಲೆಲ್ಲ ಮಿದುಳು ಅರೆಕ್ಷಣ ಎಚ್ಚೆತ್ತುಕೊಳ್ಳುತ್ತದೆ. ಮಗುವಿಗೆ ನೆನಪಿರುವುದಿಲ್ಲ. ಆದರೆ ನಿದ್ರೆ ಚೂರುಚೂರಾಗಿರುತ್ತದೆ. ದೊಡ್ಡವರಾದರೆ ಮರುದಿನ ತೂಕಡಿಸುತ್ತಾರೆ; ಮಕ್ಕಳು ಹಲವು ವೇಳೆ ಅದಕ್ಕೆ ಬದಲಾಗಿ ಅತಿಯಾಗಿ ಕುಣಿದಾಡುತ್ತಾರೆ, ಸಿಡುಕುತ್ತಾರೆ, ಗಮನವಿಟ್ಟು ಕೂರಲಾರರು. ಶಾಲೆಯಲ್ಲಿ ಇಂಥವನಿಗೆ ತುಂಟ, ದಡ್ಡ ಎಂಬ ಬಿರುದುಗಳು ಬೇಗನೆ ಅಂಟಿಕೊಳ್ಳುತ್ತವೆ.

ಡೇವಿಡ್ ಗೊಜಾಲ್ ಎಂಬ ಮಕ್ಕಳ ತಜ್ಞರು ೧೯೯೮ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಪ್ರತಿಯೊಬ್ಬ ಶಿಕ್ಷಕರೂ ಅರಿತಿರುವುದು ಒಳ್ಳೆಯದು. ಒಂದನೆಯ ತರಗತಿಯಲ್ಲಿ ಓದಿನಲ್ಲಿ ತೀರ ಹಿಂದುಳಿದಿದ್ದ ೨೯೭ ಮಕ್ಕಳನ್ನು ಅವರು ನಿದ್ರೆಯಲ್ಲಿ ಪರೀಕ್ಷಿಸಿದಾಗ ೫೪ ಮಕ್ಕಳಿಗೆ ಉಸಿರಾಟದ ತೊಂದರೆ ಕಂಡುಬಂದಿತು. ಅವರ ಪೈಕಿ ೨೪ ಮಕ್ಕಳ ಪಾಲಕರು ಶಸ್ತ್ರಚಿಕಿತ್ಸೆಗೆ ಒಪ್ಪಿದರು. ಮುಂದಿನ ವರ್ಷ ಆ ಮಕ್ಕಳ ಅಂಕಗಳು ಗಣನೀಯವಾಗಿ ಏರಿದವು. ಚಿಕಿತ್ಸೆ ಪಡೆಯದವರಲ್ಲಿ ಅಂಥ ಏರಿಕೆ ಕಾಣಲಿಲ್ಲ. ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ನ್ಯಾಯವಾಗದು. ೨೦೧೩ರಲ್ಲಿ ಪ್ರಕಟವಾದ, ೪೬೪ ಮಕ್ಕಳನ್ನೊಳಗೊಂಡ ದೊಡ್ಡ ಪರೀಕ್ಷೆಯೊಂದರಲ್ಲಿ, ಶಸ್ತ್ರಚಿಕಿತ್ಸೆಯಿಂದ ಮಕ್ಕಳ ನಿದ್ರೆಯೂ ನಡವಳಿಕೆಯೂ ಸುಧಾರಿಸಿದುವಾದರೂ ಗಮನಶಕ್ತಿಯ ಪರೀಕ್ಷೆಗಳಲ್ಲಿ ಏಳು ತಿಂಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಶಸ್ತ್ರಚಿಕಿತ್ಸೆಯಿಲ್ಲದೆ ಕಾದವರಲ್ಲಿಯೂ ಅರ್ಧದಷ್ಟು ಮಕ್ಕಳ ಉಸಿರಾಟ ತಾನಾಗಿಯೇ ಸರಿಹೋಯಿತು. ಅಂದರೆ ಕಂಡ ಟಾನ್ಸಿಲ್ಲುಗಳನ್ನೆಲ್ಲ ಕತ್ತರಿಸಬೇಕಿಲ್ಲ, ಕಂಡೂ ಕಾಣದಂತೆ ಇರುವುದೂ ಸಲ್ಲ. ನಾವು ಇಂಥ ಮಕ್ಕಳನ್ನು ಕಿವಿ ಮೂಗು ಗಂಟಲಿನ ತಜ್ಞರ ಬಳಿಗೆ ಕಳಿಸುತ್ತೇವೆ. ತೀವ್ರತೆ ಕಡಿಮೆಯಿದ್ದು ಅವರೂ ಕಾಯಬಹುದೆಂದರೆ ಮಾತ್ರ ಕಫಹರವಾದ ಔಷಧೋಪಚಾರಗಳಿಗೆ ತೊಡಗುತ್ತೇವೆ.

ಮನೆಮದ್ದಿನ ಬಗೆಗೆ ಒಂದು ಎಚ್ಚರಿಕೆ. ಮಗು ಚೆನ್ನಾಗಿ ಮಲಗಲೆಂದು ಜಾಯಿಕಾಯಿ ತೇಯ್ದು ನೆಕ್ಕಿಸುವ, ಗಸಗಸೆಯ ನೀರು ಕುಡಿಸುವ ಪದ್ಧತಿ ಹಳ್ಳಿಪಟ್ಟಣಗಳೆರಡರಲ್ಲಿಯೂ ಇದೆ. ಜಾಯಿಕಾಯಿ ಅಳತೆ ಮೀರಿದರೆ ವಿಷ. ಗಸಗಸೆ ಅಫೀಮಿನ ಗಿಡದ ಬೀಜ. ಅದಕ್ಕೆ ಅಂಟಿಕೊಂಡ ಅಫೀಮಿನ ಅಂಶದಿಂದ ಎಳೆಗೂಸಿನ ಉಸಿರೇ ಕುಗ್ಗಬಹುದು. ಮದ್ದು ತಿಂದು ಬಿದ್ದುಕೊಂಡ ಮಗುವಿನ ಮಿದುಳಿನಲ್ಲಿ ಮೇಲೆ ಬಣ್ಣಿಸಿದ ಸಹಜ ನಿದ್ರೆಯ ಕೆಲಸ ನಡೆಯುವುದೆಂದು ನಂಬಲಾಗದು. ಆಯುರ್ವೇದದ ಹೆಸರಿನಲ್ಲಿ ಯಾರೇ ಕೊಟ್ಟರೂ ಇವನ್ನು ಶಿಶುಗಳಿಗೆ ಕೊಡಬೇಡಿ. ಎಣ್ಣೆಯ ಹದವಾದ ಅಭ್ಯಂಗ, ಬಿಸಿನೀರಿನ ಸ್ನಾನ, ಹೊಟ್ಟೆ ತುಂಬ ಎದೆಹಾಲು, ಮಬ್ಬು ಬೆಳಕು, ತೊಟ್ಟಿಲು, ಜೋಗುಳ—ಇವು ಸಾಕು. ತೊಟ್ಟಿಲ ತೂಗಾಟದ ವಿಷಯದಲ್ಲಿ ಜಿನೀವಾ ವಿಶ್ವವಿದ್ಯಾಲಯದವರು ೨೦೧೧ರಲ್ಲಿ ಮೋಜಿನ ಪ್ರಯೋಗವೊಂದನ್ನು ನಡೆಸಿದ್ದಾರೆ. ದೊಡ್ಡ ಗಂಡಸರನ್ನೇ ತೂಗುವ ಮಂಚದಲ್ಲಿ ಮಲಗಿಸಿದಾಗ ಅವರು ಬೇಗ ನಿದ್ರೆಗೆ ಜಾರಿದರಲ್ಲದೆ ಅವರ ಮಿದುಳಿನಲ್ಲಿ ಕದಿರುಗಳೂ ಹೆಚ್ಚಿದವು. ಶಿಶುವನ್ನು ಮಲಗಿಸುವಾಗ ಅಂಗಾತ ಮಲಗಿಸಬೇಕು, ಬೋರಲು ಕೂಡದು. ಮುಖದ ಹತ್ತಿರ ಮೆತ್ತನೆಯ ದಿಂಬು, ದಪ್ಪ ಕೌದಿ ಇರಬಾರದು.

ಇನ್ನು ರಾತ್ರಿಯ ಭಯಗಳು. ಮಲಗಿದ ಒಂದೆರಡು ಗಂಟೆಯೊಳಗೆ ಮಗು ಚಿಟ್ಟನೆ ಚೀರಿ ಎದ್ದು ಕುಳಿತು, ಕಣ್ಣು ತೆರೆದಿದ್ದರೂ ತಾಯಿಯನ್ನು ಗುರುತಿಸದೆ ಕಿರುಚಿ, ಮತ್ತೆ ಮಲಗಿ, ಬೆಳಿಗ್ಗೆ ಏನೂ ನೆನಪಿಲ್ಲವೆಂದರೆ, ಅದು ಗಾಢನಿದ್ರೆಯಿಂದ ಅರೆಬರೆ ಎಚ್ಚರವಾದುದರ ಲಕ್ಷಣ. ಅಲುಗಿಸಿ ಎಬ್ಬಿಸದೆ, ಬೀಳದಂತೆ ನೋಡಿಕೊಂಡರೆ ಸಾಕು, ವಯಸ್ಸಾದಂತೆ ಬಿಟ್ಟುಹೋಗುತ್ತದೆ. ಬೆಳಗಿನ ಜಾವ ಎಚ್ಚೆತ್ತು, ಹುಲಿ ಬಂದಿತ್ತು ಎಂದು ಕಥೆ ಹೇಳಿ ಅತ್ತರೆ ಅದು ಕೆಟ್ಟ ಕನಸು. ಆಗ ಅಪ್ಪಿ ಸಂತೈಸಬೇಕು.

ಇವೆರಡಕ್ಕೂ ಸೇರದ ಇನ್ನೊಂದುಂಟು. ನಿದ್ರೆ ಹತ್ತಿದ ಸ್ವಲ್ಪ ಹೊತ್ತಿಗೆ ಅಥವಾ ಏಳುವ ಮುನ್ನ ಮಗುವಿನ ಮುಖದ ಒಂದು ಪಕ್ಕ ಸೆಳೆದು, ಜೊಲ್ಲು ಸುರಿದು, ಎಚ್ಚರವಿದ್ದರೂ ಮಾತು ಹೊರಡದಿದ್ದರೆ, ಅದೂ ಪ್ರತಿಸಲವೂ ಒಂದೇ ರೀತಿ ಆಗುತ್ತಿದ್ದರೆ, ಅದು ಅಪಸ್ಮಾರದ ಒಂದು ಬಗೆಯಾಗಿರಬಹುದು. ಶಾಲಾ ವಯಸ್ಸಿನ ಮಕ್ಕಳಲ್ಲಿ ಕಾಣುವ ಈ ಬಗೆ ಬಹುಪಾಲು ಸೌಮ್ಯವಾದುದು. ಹದಿನಾರರ ಹೊತ್ತಿಗೆ ಹೆಚ್ಚಿನವರಲ್ಲಿ ತಾನೇ ಮಾಯವಾಗುತ್ತದೆ. ಆದರೆ ವಿರಳವಾಗಿ ಕೆಲವು ಮಕ್ಕಳಲ್ಲಿ ಎಚ್ಚರದಲ್ಲಿ ಎಲ್ಲವೂ ಸರಿಯಿದ್ದಂತೆ ಕಂಡು, ಶಾಂತ ನಿದ್ರೆಯ ಉದ್ದಕ್ಕೂ ಮಿದುಳಿನಲ್ಲಿ ವಿದ್ಯುತ್ತಿನ ಕೋಲಾಹಲ ನಡೆಯುತ್ತಿರುತ್ತದೆ. ೧೯೭೧ರಲ್ಲಿ ಇದನ್ನು ಮ��ದಲು ವರ್ಣಿಸಲಾಯಿತು. ಹೊರಗೆ ಒಂದೂ ಫಿಟ್ಸ್ ಕಾಣದಿರಬಹುದು. ಕಾಣುವುದೆಂದರೆ, ಚೆನ್ನಾಗಿ ಮಾತಾಡುತ್ತಿದ್ದ ಮಗು ಕ್ರಮೇಣ ಮಾತು ಮರೆಯುತ್ತದೆ, ಕರೆದರೆ ಕಿವುಡನಂತೆ ತಿರುಗಿ ನೋಡುವುದಿಲ್ಲ, ಕಲಿತ ಅಕ್ಷರ ಕೈಬಿಡುತ್ತದೆ. ಮಾತು ಹೀಗೆ ಅಳಿಸಿಹೋಗುವುದನ್ನು ಲ್ಯಾಂಡೌ, ಕ್ಲೆಫ್ನರ್ ಎಂಬಿಬ್ಬರು ೧೯೫೭ರಲ್ಲಿಯೇ ಗುರುತಿಸಿದ್ದರು. ನಿದ್ರೆ ಮಿದುಳನ್ನು ಕಟ್ಟುವ ಕಾಲವಾದುದರಿಂದಲೇ ಆ ಕಾಲದ ಕೋಲಾಹಲ ಇಷ್ಟು ಹಾನಿ ಮಾಡುತ್ತದೆ ಎಂಬುದು ಸಂಶೋಧಕರ ಊಹೆ. ಕಲಿತದ್ದನ್ನು ಕಳೆದುಕೊಳ್ಳುತ್ತಿರುವ ಮಗುವನ್ನು ಹರಕೆ, ತಾಯಿತಗಳಲ್ಲಿ ತಿಂಗಳುಗಟ್ಟಲೆ ಕಾಯಿಸದೆ ಮಕ್ಕಳ ನರರೋಗತಜ್ಞರಿಗೆ ತೋರಿಸಬೇಕು. ಹಾಗೆಯೇ ಫಿಟ್ಸಿನ ಮಾತ್ರೆ ಉಷ್ಣ, ಅದನ್ನು ಬಿಡಿಸಿ ಗಿಡಮೂಲಿಕೆ ಕೊಡಿ ಎಂದು ನಮ್ಮಲ್ಲಿಗೆ ಬರುವವರಿಗೆ ನಾವು ಒಪ್ಪುವುದಿಲ್ಲ. ಆ ಮಾತ್ರೆಗಳನ್ನು ಏಕಾಏಕಿ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬಂದು ಜೀವಕ್ಕೇ ಎರವಾಗಬಹುದು.

ಇಂಥ ಮಕ್ಕಳಿಗೆ ತಜ್ಞರು ನಿದ್ರೆಯಲ್ಲಿ ಇ.ಇ.ಜಿ. ಮಾಡಿಸಲು ಹೇಳುತ್ತಾರೆ. ತಲೆಗೆ ಕರೆಂಟು ಕೊಡುತ್ತಾರೆಂದು ಹೆದರಿ ಹಿಂದಿರುಗಿದ ತಂದೆತಾಯಿಗಳನ್ನು ನಾವು ಕಂಡಿದ್ದೇವೆ. ಯಂತ್ರ ತಲೆಯೊಳಕ್ಕೆ ಏನನ್ನೂ ಕಳಿಸುವುದಿಲ್ಲ. ಹೊರಗೆ ಬರುವ ಅಲೆಗಳನ್ನು ಬರೆದುಕೊಳ್ಳುತ್ತದೆ ಅಷ್ಟೆ. ಸೂಜಿಯಿಲ್ಲ, ನೋವಿಲ್ಲ. ಹಿಂದಿನ ದಿನ ತಲೆ ತೊಳೆದು ಎಣ್ಣೆ ಹಚ್ಚದೆ ಕರೆದೊಯ್ಯಬೇಕು, ಎಣ್ಣೆಯಿದ್ದರೆ ತಂತಿ ಅಂಟುವುದಿಲ್ಲ. ಹಿಂದಿನ ರಾತ್ರಿ ತಡವಾಗಿ ಮಲಗಿಸಿ ಬೇಗ ಎಬ್ಬಿಸಿರೆಂದು ಅವರು ಹೇಳಿದರೆ ಹಾಗೆಯೇ ಮಾಡಬೇಕು, ದಾರಿಯಲ್ಲಿ ಬಸ್ಸಿನಲ್ಲಿ ಮಲಗಲು ಬಿಡಬಾರದು. ಕೊಡುತ್ತಿರುವ ಮಾತ್ರೆಯನ್ನು ವೈದ್ಯರು ಹೇಳದ ಹೊರತು ಆ ದಿನವೂ ತಪ್ಪಿಸಬಾರದು. ಮಗು ಮನೆಯಲ್ಲಿ ಹೊದೆಯುವ ಹೊದಿಕೆಯನ್ನೇ ಜೊತೆಗೆ ಒಯ್ದು, ತಾಯಿ ಪಕ್ಕದಲ್ಲಿ ಕುಳಿತರೆ ಅದು ಬೇಗ ಮಲಗುತ್ತದೆ. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಕೆಲಸ ಮುಗಿಯುತ್ತದೆ.